ರೆಪ್ಪೆಯ ಒಳಮೈ

ಗಂಗಾಂಬಿಕಾ ಸಿಸ್ಟರು ಬಸುರಿಯ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಒಂದು ಸಲ ಕೆಳಗೆ ಜಗ್ಗಿ ನೋಡಿದರೆ ಸಾಕು, ಆಕೆಯ ಮೈಯಲ್ಲಿ ರಕ್ತ ಎಷ್ಟಿದೆ ಎಂದು ಹೇಳಿಬಿಡುತ್ತಾರೆ ಅನ್ನುವುದು ಕಂಪ್ಲಿ ಸುತ್ತಿನ ಹಳ್ಳಿಗಳಲ್ಲಿ ಹಬ್ಬಿದ ಮಾತು. ಹೇಳುವವರು ಉಪ್ಪು ಖಾರ ಹಚ್ಚಿಯೇ ಹೇಳುತ್ತಿದ್ದರು, ಆದರೆ ಮಾತು ಸುಳ್ಳಲ್ಲ. ಆಕೆ ‘ಎಂಟು’ ಅಂದರೆ ಪ್ರಯೋಗಾಲಯದ ಚೀಟಿ ಎಂಟೂಕಾಲು ಅನ್ನುತ್ತಿತ್ತು. ಆಕೆ ‘ಈಕಿನ್ನ ಇವತ್ತ ದವಾಖಾನಿಗೆ ಒಯ್ಯಿರಿ’ ಅಂದರೆ ಅವತ್ತೇ ಒಯ್ಯಬೇಕಾಗಿತ್ತು. ಭತ್ತದ ಗದ್ದೆಗಳ ನಡುವಿನ ಊರುಗಳಲ್ಲಿ ಇಪ್ಪತ್ತೆರಡು ವರ್ಷ ಸೈಕಲ್ ತುಳಿದು, ಆರುನೂರಕ್ಕೂ ಮಿಕ್ಕಿ ಹೆರಿಗೆ ಮಾಡಿಸಿ, ಒಬ್ಬ ತಾಯಿಯನ್ನೂ ಕಳೆದುಕೊಳ್ಳದ ಹೆಂಗಸು ಆಕೆ. ಹೊಗಳಿದರೆ ದೇವರೇ ವರ ಕೊಡುತ್ತಾನಂತೆ, ಇನ್ನು ಸಿಸ್ಟರು ಎಷ್ಟರವಳು. ತನ್ನ ಕಣ್ಣಿನ ಮೇಲೆ ಆಕೆಗೆ ಭಾಳ ನಂಬಿಕೆ ಬಂದುಬಿಟ್ಟಿತ್ತು.

ಆ ವಿದ್ಯೆಯನ್ನು ಆಕೆ ಕಲಿತದ್ದು ಬಳ್ಳಾರಿಯಲ್ಲಿ, ತರಬೇತಿಯ ಕಾಲದಲ್ಲಿ. ಪಾಠ ಹೇಳುವ ಹಿರಿಯ ನರ್ಸಮ್ಮ ಒಂದು ದಿನ ಕಸಾಯಿ ಅಂಗಡಿಯಿಂದ ಆಡಿನ ಕಣ್ಣನ್ನು ರೆಪ್ಪೆ ಸಮೇತ ತರಿಸಿ ತಟ್ಟೆಯಲ್ಲಿಟ್ಟಿದ್ದಳು. ಕೊರಳಲ್ಲಿ ಲಿಂಗವಿದ್ದ ಹುಡುಗಿ ಗಂಗಾಂಬಿಕಾ ಮುಖ ತಿರುಗಿಸಿದಳು. ನರ್ಸಮ್ಮ ಬೈಯಲಿಲ್ಲ. ಮುಂಗೈ ಹಿಡಿದು ಬೆರಳನ್ನು ಆ ರೆಪ್ಪೆಯ ಮೇಲಿಟ್ಟು ಒಂದೊಂದೇ ಪದರ ತೋರಿಸಿದಳು. ಮೇಲೆ, ಇಡೀ ಮೈಯಲ್ಲೇ ಅತಿ ತೆಳುವಾದ ಚರ್ಮ. ಅದರಡಿ ಕಣ್ಣು ಮುಚ್ಚಿಸುವ ಸ್ನಾಯು. ಅದರಡಿ ಉಗುರಿನಷ್ಟು ಬಿರುಸಾದ ಒಂದು ಪಟ್ಟಿ, ಅದರೊಳಗೆ ಎಣ್ಣೆ ಒಸರುವ ಸಣ್ಣ ಗ್ರಂಥಿಗಳ ಸಾಲು. ಎಲ್ಲಕ್ಕಿಂತ ಒಳಗೆ ಉಳ್ಳಾಗಡ್ಡಿಯ ಪೊರೆಯಂಥ ಒದ್ದೆ ಪೊರೆ. ಅದು ರೆಪ್ಪೆಯ ಅಂಚಿನಲ್ಲಿ ಶುರುವಾಗಿ, ಒಳಗೋಡೆಗೆ ಅಂಟಿಕೊಂಡು ಕೆಳಗಿಳಿದು, ತಳದಲ್ಲಿ ಕಿಸೆಯ ಹಾಗೆ ಮಡಚಿ, ಮತ್ತೆ ಬಿಳಿಗುಡ್ಡೆಯ ಮೇಲೇರಿ ಕರಿಗುಡ್ಡೆಯ ದಂಡೆಗೆ ಬಂದು ನಿಲ್ಲುತ್ತದೆ. ‘ಮೈಯೊಳಗಿನ ರಕ್ತ ಚರ್ಮದ ಮರೆ ಇಲ್ಲದೆ ಕಾಣೋದು ಇಲ್ಲಿ. ರೆಪ್ಪೆಯ ಒಳಮೈ ಸುಳ್ಳು ಹೇಳೋದಿಲ್ಲ’ ಅಂದಿದ್ದಳು ನರ್ಸಮ್ಮ. ಆ ಮಾತನ್ನು ಗಂಗಾಂಬಿಕಾ ವಚನದ ಹಾಗೆ ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡಳು.

ಎರಡು ಸಾವಿರದ ಐದರಲ್ಲಿ ಆಕೆಗೆ ಸಂಡೂರು ತಾಲೂಕಿನ ಗಿಣಿಗುಂಡಿಗೆ ವರ್ಗವಾಯಿತು. ವಡ್ಡು ಎಂಬ ಊರು ದಾಟಿ ಗುಡ್ಡದ ಬುಡಕ್ಕೆ ಹೊರಳಿದರೆ ಸಿಗುವ ಊರು. ಕಬ್ಬಿಣದ ಅದಿರಿನ ಸುಗ್ಗಿಯ ಕಾಲ ಅದು. ಹಗಲು ಹನ್ನೆರಡು ತಾಸು ಲಾರಿಗಳ ಸಾಲು ಹರಿಯುತ್ತಿತ್ತು. ಬೇವಿನ ಮರ ಕೆಂಪು, ಎಮ್ಮೆ ಕೆಂಪು, ಒಣಹಾಕಿದ ಹಪ್ಪಳ ಕೆಂಪು. ಸಿಸ್ಟರ ಬಿಳಿ ಸೀರೆ ಮೂರನೆಯ ಒಗೆತಕ್ಕೆ ಕಾವಿ ಬಣ್ಣಕ್ಕೆ ತಿರುಗಿತು. ‘ನಮ್ಮ ಸಿಸ್ಟರಮ್ಮ ಸನ್ಯಾಸ ತಗೊಂಡಾರ’ ಎಂದು ಊರಿನವರು ಚೇಷ್ಟೆ ಮಾಡಿದರು. ಆಕೆಯೂ ನಕ್ಕಳು. ಮಕ್ಕಳಿಲ್ಲದ, ಗಂಡ ತೀರಿಹೋಗಿದ್ದ ಹೆಂಗಸಿಗೆ ಯಾರಾದರೂ ಚೇಷ್ಟೆ ಮಾಡಿದರೆ ಸಂತೋಷವೇ.

ಗುರುವಾರ ಬಸುರಿಯರ ತಪಾಸಣೆ. ಮೊದಲ ಗುರುವಾರವೇ ಆಕೆಗೆ ಆಶ್ಚರ್ಯ ಕಾದಿತ್ತು. ಕಂಪ್ಲಿಯ ಕಡೆ ಹತ್ತು ರೆಪ್ಪೆ ಜಗ್ಗಿದರೆ ಆರು ಸುಣ್ಣದ ಹಾಗೆ ಇರುತ್ತಿದ್ದವು. ಇಲ್ಲಿ ಜಗ್ಗಿದ ರೆಪ್ಪೆಯೆಲ್ಲ ಕೆಂಪು. ಅದಿರಿನ ಯಾರ್ಡಿನಲ್ಲಿ ಜರಡಿ ಹಿಡಿದು, ಕಲ್ಲು ಆರಿಸಿ ಬರುತ್ತಿದ್ದ ಹೆಣ್ಣುಮಕ್ಕಳು ಎಲ್ಲರೂ ಕೆಂಪಗೆ ಕಂಡರು. ಕೈಗೆ ಕೂಲಿ ಬಂದಿದೆ, ವಾರಕ್ಕೊಮ್ಮೆ ಮಾಂಸ ಬೇಯುತ್ತಿದೆ, ಅದಕ್ಕೇ ಹೀಗೆ ಎಂದು ಆಕೆ ತನಗೆ ತಾನೇ ಅರ್ಥ ಮಾಡಿಕೊಂಡಳು. ರಕ್ತ ನೋಡುವ ಗಾಜಿನ ನಳಿಗೆ ಆ ಉಪಕೇಂದ್ರದಲ್ಲಿ ಆಕೆ ಬರುವುದಕ್ಕೂ ಮೊದಲೇ ಒಡೆದಿತ್ತು. ಹೊಸದಕ್ಕೆ ಎರಡು ಸಲ ಬರೆದುಕೊಟ್ಟಳು. ಬರಲಿಲ್ಲ. ಮೂರನೆಯ ಸಲ ಬರೆಯಲಿಲ್ಲ. ಬರೆಯಬೇಕೆಂದು ಅನಿಸಲೂ ಇಲ್ಲ, ತನ್ನ ಕಣ್ಣಿತ್ತಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗಾದೆ ಮಾಡಿದ ಹಿರಿಯರು ಕೆಂಪಗಿರುವುದರ ಬಗ್ಗೆ ಏನೂ ಹೇಳಿ ಹೋಗಿರಲಿಲ್ಲ.

ಆಕೆ ಅಲ್ಲಿಗೇ ನಿಲ್ಲಲಿಲ್ಲ. ಒಳ್ಳೆಯ ಉದ್ದೇಶದಿಂದಲೇ, ಊರ ಹೆಂಗಸರಿಗೂ ಆ ವಿದ್ಯೆ ಕಲಿಸಿದಳು. ಬಾವಿಕಟ್ಟೆಯ ಹತ್ತಿರ, ಹಿಟ್ಟಿನ ಗಿರಣಿಯ ಹತ್ತಿರ ಒಬ್ಬರದೊಬ್ಬರು ರೆಪ್ಪೆ ಜಗ್ಗಿ ನೋಡುವುದು, ‘ನಿಂದು ಕೆಂಪದಾವ ಬಿಡು’ ಎಂದು ನಗುವುದು ಅಲ್ಲಿಯ ರೂಢಿಯೇ ಆಗಿಹೋಯಿತು. ಕನ್ನಡಿ ಮುಂದೆ ತಾವೇ ಜಗ್ಗಿ ನೋಡಿಕೊಂಡು ಸಮಾಧಾನಪಡುವವರೂ ಇದ್ದರು.

ಮರುವರ್ಷ ಬೇಸಿಗೆಯಲ್ಲಿ ಭಾಗ್ಯ ಬಂದಳು. ದರೋಜಿ ಕಡೆಯ ಹುಡುಗಿ, ಇಪ್ಪತ್ತೆರಡರ ಪ್ರಾಯ, ಚೊಚ್ಚಲ ಬಸುರಿ. ಗಂಡ ತಾಯಪ್ಪ ಲಾರಿಗೆ ಅದಿರು ತುಂಬುವ ಕೆಲಸದವನು. ಭಾಗ್ಯ ಯಾರ್ಡಿನಲ್ಲಿ ಜರಡಿ ಹಿಡಿಯುತ್ತಿದ್ದಳು. ಬಾಯಲ್ಲಿ ಸದಾ ಎಲೆಅಡಿಕೆ, ಮಾತಿಗೆ ಮೊದಲು ನಗೆ. ಜೊತೆಯಲ್ಲಿ ಅತ್ತೆ ಭರಮಮ್ಮ ಬಂದಿದ್ದಳು. ಸೊಸೆಯನ್ನು ಕಂಡರೆ ಉರಿದು ಬೀಳುವ ಅತ್ತೆಯಲ್ಲ. ಗಂಡು ಮಕ್ಕಳನ್ನೇ ಹೆತ್ತು ಹೆಣ್ಣಿಗಾಗಿ ಹಂಬಲಿಸಿದವಳು, ಸೊಸೆಯ ತಲೆ ತಾನೇ ಬಾಚುತ್ತಿದ್ದಳು.

“ಸಿಸ್ಟರಮ್ಮ, ಈಕಿ ಮಣ್ಣು ತಿಂತಾಳ್ರಿ” ಎಂದು ಭರಮಮ್ಮ ದೂರು ಹೇಳಿದಳು. “ಗ್ವಾಡಿ ಕೆರದು ಕೆರದು ಬಾಯಾಗ ಹಾಕ್ಕೊಂತಾಳ. ಮಳಿ ಬಂದ ಮ್ಯಾಲಂತೂ ಹಿಡಿಯಾಕ ಆಗಂಗಿಲ್ಲ.”

“ಬಸರಿದ್ದಾಗ ಎಲ್ಲಾರೂ ತಿಂತಾರ, ನೀವೂ ತಿಂದೀರಿ ಅತ್ತಿ” ಎಂದು ಭಾಗ್ಯ ನಕ್ಕಳು.

“ನಾನೆಲ್ಲಿ ತಿಂದೆ. ಮತ್ತ ನೋಡ್ರಿ, ನೀರಿನ ಕೊಡ ಹೊತ್ತು ನಾಕು ಹೆಜ್ಜಿ ಇಟ್ರ ತೇಕತಾಳ. ಮೊದಲ ಹಂಗ ಇರಲಿಲ್ಲ.”

ಮಣ್ಣು ತಿನ್ನುವ ಬಸುರಿ, ಏದುಸಿರು ಬಿಡುವ ಬಸುರಿ. ಎರಡೂ ಯಾವುದರ ಲಕ್ಷಣ ಎಂದು ಗಂಗಾಂಬಿಕಾಗೆ ಗೊತ್ತಿತ್ತು. ಕಂಪ್ಲಿಯಲ್ಲಾಗಿದ್ದರೆ ಅಷ್ಟು ಕೇಳಿಯೇ ಎದ್ದು ನಿಲ್ಲುತ್ತಿದ್ದಳು. ಆದರೆ ಆಕೆ ಕಿವಿಗಿಂತ ಕಣ್ಣನ್ನು ನಂಬಿದವಳು. ಬೆಳಕಿಗೆ ಮುಖ ತಿರುಗಿಸಿ ಭಾಗ್ಯಳ ಕೆಳರೆಪ್ಪೆ ಜಗ್ಗಿದಳು. ಕೆಂಪು. ಇನ್ನೊಂದು ಕಣ್ಣು, ಅದೂ ಕೆಂಪು. ನಾಲಿಗೆ ಚಾಚಲು ಹೇಳಿದಳು, ಎಲೆಅಡಿಕೆಯ ಕೆಂಪು. ಅಂಗೈ ಬಿಡಿಸಿ ನೋಡಿದಳು, ಉಗುರು ಒತ್ತಿ ನೋಡಿದಳು. ಅದಿರಿನ ಪುಡಿ ಇಳಿದು ಗೋರಂಟಿ ಹಚ್ಚಿದ ಹಾಗಿತ್ತು.

“ದಾಳಿಂಬರಿ ಬಿಡಿಸಿದಂಗ ಅದಾವ ಕಣ್ಣು” ಅಂದಳು ಸಿಸ್ಟರು. “ಮಣ್ಣು ತಿನ್ನೋದು ಹುಳದ ಬಾಧಿ ಇರಬೇಕು, ಒಂದು ಗುಳಿಗಿ ಕೊಡ್ತೀನಿ. ತೇಕೋದು ಚೊಚ್ಚಲ ಬಸರು ನೋಡ್ರಿ, ಹಂಗ ಇರ್ತದ.”

ಭರಮಮ್ಮನ ಮುಖ ಹಗುರವಾಯಿತು. ಸಿಸ್ಟರು ನಕ್ಕದ್ದಕ್ಕೆ ಅವಳೂ ನಕ್ಕಳು.

ಆ ತಿಂಗಳು ಕಬ್ಬಿಣಾಂಶದ ಗುಳಿಗೆ ಬಂದದ್ದು ಬೇಕಾದದ್ದರ ಅರ್ಧಕ್ಕೂ ಕಡಿಮೆ. ಯಾರಿಗೆ ಕೊಡುವುದು, ಯಾರಿಗೆ ಬಿಡುವುದು? ಸಿಸ್ಟರು ರೆಪ್ಪೆ ಕಡಿಮೆ ಕೆಂಪಿದ್ದವರನ್ನು ಆರಿಸಿದಳು. ಅವರಲ್ಲಿ ಮೊದಲನೆಯವಳು ಊರಮ್ಮ. ಭಾಗ್ಯಳ ಪಕ್ಕದ ಮನೆಯವಳೇ, ಎರಡನೆಯ ಬಸಿರು. ಯಾರ್ಡಿಗೆ ಹೋಗದೆ ಮನೆಯೊಳಗೆ ಕುಪ್ಪಸ ಹೊಲಿಯುತ್ತಿದ್ದಳು. ಇಡೀ ಊರಿನಲ್ಲಿ ಕದ ಮುಚ್ಚಿ ಕೂತು ಕೆಲಸ ಮಾಡುತ್ತಿದ್ದ ಬಸುರಿ ಅವಳೊಬ್ಬಳೇ. ಅವಳದೊಂದೇ ರೆಪ್ಪೆ ಬಿಳಿಚಿಕೊಂಡು ಕಾಣುವುದಕ್ಕೆ ಏನು ಕಾರಣ ಎಂದು ಸಿಸ್ಟರು ಒಂದು ಗಳಿಗೆ ಯೋಚಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಯೋಚಿಸಲಿಲ್ಲ.

“ಭಾಗ್ಯ, ನಿನ್ನ ಪಾಲಿನ ಗುಳಿಗಿ ಊರಮ್ಮಗ ಕೊಡ್ತೀನಿ. ಬ್ಯಾಸರ ಮಾಡ್ಕೋಬ್ಯಾಡ” ಅಂದಳು. ಭರಮಮ್ಮ ಆ ದಿನ ರೇಶನ್ನಿಗೆ ಹೋಗಿದ್ದಳು, ಸೊಸೆಯ ಜೊತೆ ಇರಲಿಲ್ಲ.

“ಕೊಡ್ರಿ ಪಾಪ” ಅಂದಳು ಭಾಗ್ಯ. “ಆಕಿ ಮುಖ ನೋಡ್ರಿ, ಹಾಲಿನ್ಯಾಗ ಅದ್ದಿ ತಗದಂಗ ಐತಿ. ನನಗ್ಯಾತಕ್ಕ, ನುಂಗಾಕ ಹೋದ್ರ ವಾಂತಿ ಬರ್ತೈತಿ.”

ಮರು ತಿಂಗಳೂ ಹಾಗೆಯೇ ಆಯಿತು. ಅದರ ಮರು ತಿಂಗಳೂ. ಊರಮ್ಮನ ರೆಪ್ಪೆಯ ಒಳಮೈಗೆ ಮೆಲ್ಲಗೆ ಬಣ್ಣ ಏರತೊಡಗಿತು. ಸಿಸ್ಟರು ಅದನ್ನು ಪ್ರತಿ ಗುರುವಾರ ನೋಡಿ ಹಿಗ್ಗಿದಳು. ಊರಮ್ಮ ಹೂ ಎತ್ತಿದ ಹಾಗೆ ಗಂಡು ಮಗುವನ್ನು ಹೆತ್ತಳು.

ಮೂರು ವಾರದ ನಂತರ ಭಾಗ್ಯಳಿಗೆ ಬೆಳಿಗ್ಗೆಯೇ ನೋವು ಶುರುವಾಯಿತು. ಮನೆಯಲ್ಲೇ ಹೆರಿಗೆ. ಮಧ್ಯಾಹ್ನಕ್ಕೆ ಹೆಣ್ಣು ಕೂಸು ಹುಟ್ಟಿತು. ಕೂಸು ಅತ್ತಿತು, ಭರಮಮ್ಮನೂ ಸಂತೋಷಕ್ಕೆ ಅತ್ತಳು. ಮಾಸು ಪೂರ್ತಿ ಬಿತ್ತು. ಗರ್ಭಕೋಶ ಗಟ್ಟಿಯಾಗಿತ್ತು. ಹೋದ ರಕ್ತವೂ ಜಾಸ್ತಿಯೇನಲ್ಲ. ಯಾವ ಬಾಣಂತಿಗೂ ಹೋಗುವಷ್ಟೇ ಹೋಗಿತ್ತು. ಅರ್ಧ ಬೋಗುಣಿಯೂ ಇರಲಿಲ್ಲ. ಗಂಗಾಂಬಿಕಾ ಕೈ ತೊಳೆದುಕೊಂಡು, ಭರಮಮ್ಮ ಕೊಟ್ಟ ಚಹಾದ ಲೋಟ ಬಾಯಿಗಿಟ್ಟಿದ್ದಳು.

“ಸಿಸ್ಟರಮ್ಮ, ಗಾಳಿ ಸಾಲವಲ್ದು” ಅಂದಳು ಭಾಗ್ಯ.

ಸಿಸ್ಟರು ಲೋಟ ಕೆಳಗಿಟ್ಟು ನಾಡಿ ಹಿಡಿದಳು. ನಾಡಿ ಬೆರಳಿಗೆ ಸಿಗದಷ್ಟು ಸಣ್ಣಗೆ ಓಡುತ್ತಿತ್ತು. ಹಣೆ ತಣ್ಣಗೆ ಬೆವರಿತ್ತು. ಎಲ್ಲಿಂದಲೂ ರಕ್ತ ಸೋರುತ್ತಿರಲಿಲ್ಲ. ಮತ್ತೆ ಹೊಟ್ಟೆ ಒತ್ತಿ ನೋಡಿದಳು, ಮತ್ತೆ ಬಟ್ಟೆ ನೋಡಿದಳು. ಇಷ್ಟೇ ರಕ್ತ ಹೋದದ್ದಕ್ಕೆ ಯಾರಾದರೂ ಹೀಗಾಗುತ್ತಾರೆಯೇ? ಇಷ್ಟು ವರ್ಷಗಳಲ್ಲಿ ಆಕೆ ಕಂಡಿರಲಿಲ್ಲ.

ಮರಿಸ್ವಾಮಿ ಅನ್ನುವವನ ಟ್ರ್ಯಾಕ್ಸ್ ಗಾಡಿ ಸಿಕ್ಕಿತು. ಕೂಸನ್ನು ಊರಮ್ಮನ ಮಡಿಲಿಗೆ ಕೊಟ್ಟು, ಭಾಗ್ಯಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟರು. ಭರಮಮ್ಮನ ತೊಡೆಯ ಮೇಲೆ ತಲೆ, ಸಿಸ್ಟರ ತೊಡೆಯ ಮೇಲೆ ಕಾಲು. ತಾಯಪ್ಪ ಮುಂದೆ ಕೂತು ಎದುರಿನ ಲಾರಿಗಳಿಗೆ ಕೈ ಬೀಸಿ ಬೀಸಿ ದಾರಿ ಕೇಳುತ್ತಿದ್ದ. ತಾನೇ ತುಂಬಿದ ಲಾರಿಗಳು ಅವು. ಹೊಸಪೇಟೆ ಮುಟ್ಟುವ ಹೊತ್ತಿಗೆ ಮೂರು ಗಂಟೆ ದಾಟಿತ್ತು.

ಅಲ್ಲಿಯ ಲೇಡಿ ಡಾಕ್ಟರು ಚಿಕ್ಕ ವಯಸ್ಸಿನವಳು, ಮಾತು ಕಡಿಮೆ. ಬಾಟಲಿ ಹಚ್ಚಿ, ಆಕ್ಸಿಜನ್ ಕೊಟ್ಟು, ರಕ್ತ ತೆಗೆದು ಕಳಿಸಿ, ಆಮೇಲೆ ಗಂಗಾಂಬಿಕಾಳ ಕಡೆ ತಿರುಗಿದಳು.

“ಹಿಮೋಗ್ಲೋಬಿನ್ ಎಷ್ಟಿತ್ತು ಈಕೀದು?”

“ಹತ್ತರ ಮೇಲೆ ಇತ್ತು ಮೇಡಂ.”

“ಯಾವಾಗ ಮಾಡಿಸಿದ್ರಿ?”

“ಕಣ್ಣು ನೋಡಿದ್ದೆ” ಅಂದಳು ಗಂಗಾಂಬಿಕಾ.

ಚೀಟಿ ಬಂತು. ನಾಲ್ಕಕ್ಕೂ ಕಡಿಮೆ ಇತ್ತು. ಡಾಕ್ಟರು ಅದನ್ನು ಎರಡು ಸಲ ಓದಿ, “ಇದು ಇವತ್ತು ಹೋದ ರಕ್ತ ಅಲ್ಲ. ತಿಂಗಳುಗಟ್ಟಲೆ ಹಿಂಗ ಇದ್ದಿರಬೇಕು. ಇಷ್ಟರಾಗ ಹುಡುಗಿ ಜರಡಿ ಹೆಂಗ ಹಿಡೀತಿದ್ಲೋ” ಅಂದಳು. ರಕ್ತಕ್ಕೆ ಬರೆದುಕೊಟ್ಟಳು. ತಾಯಪ್ಪ ಚೀಟಿ ಹಿಡಿದು ಓಡಿದ.

“ಮೇಡಂ, ಕಣ್ಣು ಕೆಂಪಿದ್ದವು” ಅಂದಳು ಗಂಗಾಂಬಿಕಾ. ಸಮರ್ಥನೆಗಾಗಿ ಅಲ್ಲ. ನಿಜವಾಗಿ ತಿಳಿಯದೆ ಕೇಳಿದಳು. “ನಾನೇ ನೋಡಿದೀನಿ. ಈಗಲೂ ಕೆಂಪದಾವ.”

ಡಾಕ್ಟರು ಭಾಗ್ಯಳ ತಲೆದಿಂಬಿನ ಹತ್ತಿರ ಬಗ್ಗಿ, ಸಲೈನಿನಲ್ಲಿ ಅದ್ದಿದ ಹತ್ತಿಯಿಂದ ರೆಪ್ಪೆಯ ಅಂಚು ಒರೆಸಿ, ಕೆಳಗೆ ಜಗ್ಗಿ ಟಾರ್ಚು ಬಿಟ್ಟಳು. “ಬರ್ರಿ, ಸಮೀಪ ಬಂದು ನೋಡ್ರಿ. ಏನು ಕಾಣ್ತದ?”

“ಕೆಂಪು.”

“ಕೆಂಪು ಎಲ್ಲಿ ಅದ ನೋಡ್ರಿ.”

ಗಂಗಾಂಬಿಕಾ ಬಗ್ಗಿ ನೋಡಿದಳು. ಒದ್ದೆ ಪೊರೆಯ ಮೇಲೆ ರಕ್ತನಾಳಗಳು ಎಳೆ ಎಳೆಯಾಗಿ ಉಬ್ಬಿದ್ದವು. ವರ್ಷಗಟ್ಟಲೆ ಧೂಳು ಕೆರೆದು ಕೆರೆದು ಎಬ್ಬಿಸಿದ ಎಳೆಗಳು. ಒಂದರ ಪಕ್ಕ ಒಂದು, ಎಷ್ಟು ದಟ್ಟವಾಗಿ ಎಂದರೆ ದೂರದಿಂದ ನೋಡಿದವರಿಗೆ ಇಡೀ ರೆಪ್ಪೆಯೇ ಕೆಂಪು. ಆದರೆ ಎಳೆ ಮತ್ತು ಎಳೆಯ ನಡುವೆ ಇದ್ದ ನೆಲ ಬಿಳಿ. ಕಾಗದದ ಬಿಳಿ. ರೆಪ್ಪೆ ಮಡಚುವ ತಳದಲ್ಲಿ, ಧೂಳು ಅಷ್ಟಾಗಿ ಇಳಿಯದ ಕಿಸೆಯಲ್ಲಿ, ಎಳೆಯೂ ಇಲ್ಲದೆ ಬರೀ ಬಿಳಿ. ಕಂಪ್ಲಿಯ ಹೆಂಗಸರ ರೆಪ್ಪೆಯಲ್ಲಿ ಆಕೆ ನೋಡುತ್ತಿದ್ದದ್ದು ನೆಲದ ಬಣ್ಣವನ್ನು. ಅಲ್ಲಿ ಎಳೆಗಳೇ ಇರಲಿಲ್ಲ. ಇಲ್ಲಿ ವರ್ಷಕ್ಕೂ ಮಿಕ್ಕಿ ಎಳೆಗಳನ್ನು ನೋಡಿ ನೆಲ ಎಂದುಕೊಂಡಿದ್ದಳು.

ಡಾಕ್ಟರು ಅದೇ ಹತ್ತಿಯಿಂದ ಭಾಗ್ಯಳ ಅಂಗೈಯನ್ನು ಉಜ್ಜಿದಳು. ಹತ್ತಿ ಕೆಂಪಾಯಿತು. ಉಜ್ಜಿದ ಜಾಗದಲ್ಲಿ ಅಂಗೈ ಮೇಣದ ಹಾಗೆ ಕಂಡಿತು. ಡಾಕ್ಟರು ಹತ್ತಿಯನ್ನು ತಟ್ಟೆಯಲ್ಲಿ ಹಾಕಿ ಇನ್ನೊಂದು ಹಾಸಿಗೆಯ ಕಡೆ ಹೋದಳು. ಪಕ್ಕದ ಮನೆಯವಳ ಬಿಳಿ ಮುಖ ನೋಡಿ ತನ್ನ ಪಾಲು ಬಿಟ್ಟುಕೊಟ್ಟ ಹುಡುಗಿ, ಅವಳಿಗಿಂತಲೂ ಬೆಳ್ಳಗಾಗಿದ್ದಳು.

ಮೊದಲ ಚೀಲದ ರಕ್ತ ಬಂದು ಹನಿಯತೊಡಗಿದ ಮೇಲೆ ಭಾಗ್ಯ ಒಮ್ಮೆ ಕಣ್ಣು ಬಿಟ್ಟು, ಕೂಸು ಯಾರ ಹತ್ತಿರ ಇದೆ ಎಂದು ಕೇಳಿದಳು. ಊರಮ್ಮನ ಹತ್ತಿರ ಎಂದು ಭರಮಮ್ಮ ಹೇಳಿದಳು. “ಹಂಗಾರ ಆತು” ಅಂದಳು. ದಣಿದ ಹೃದಯಕ್ಕೆ ಆ ರಕ್ತವನ್ನೂ ಎಳೆದುಕೊಳ್ಳುವ ಶಕ್ತಿ ಉಳಿದಿರಲಿಲ್ಲ. ಸಂಜೆ ಐದೂವರೆಗೆ ಎಲ್ಲ ಮುಗಿಯಿತು. ತೆರೆದೇ ಉಳಿದ ರೆಪ್ಪೆಗಳನ್ನು ಮುಚ್ಚುವ ಕೆಲಸ ಗಂಗಾಂಬಿಕಾಳ ಪಾಲಿಗೆ ಬಂತು. ಸಾವಿರಾರು ರೆಪ್ಪೆಗಳನ್ನು ಜಗ್ಗಿದ ಹೆಬ್ಬೆರಳಿನಿಂದಲೇ ಅವನ್ನು ಮುಚ್ಚಿದಳು.

ಊರು ಆಕೆಯನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹಣೆಬರಹ ಅಂದರು, ಹೆಣ್ಣಿಗೆ ಹೆರಿಗೆ ಅಂದರೆ ಮರುಹುಟ್ಟು ಅಂದರು, ಗುಡ್ಡ ಅಗೆದದ್ದಕ್ಕೆ ಗ್ರಾಮದೇವತೆ ಮುನಿದಿದ್ದಾಳೆ ಎಂದವರೂ ಇದ್ದರು. ಭರಮಮ್ಮ ಒಂಬತ್ತನೆಯ ದಿನ ಗಡಿಗೆಯಲ್ಲಿ ಮಜ್ಜಿಗೆ ತಂದು ಉಪಕೇಂದ್ರದ ಕಟ್ಟೆಯ ಮೇಲಿಟ್ಟು, “ಊಟ ಬಿಟ್ಟೀರಂತಲ್ರಿ ಸಿಸ್ಟರಮ್ಮ. ನಿಮ್ಮ ಕೈಲಾದಷ್ಟು ನೀವು ಮಾಡಿದ್ರಿ. ಕೂಸರ ಉಳೀತು” ಅಂದಳು. ಗಂಗಾಂಬಿಕಾ ಆ ಮಜ್ಜಿಗೆಯನ್ನು ಕುಡಿದಳು. ಹೇಳಿಬಿಡಬೇಕು ಎಂದು ಬಾಯಿ ತೆರೆದಳು. ಸೊಸೆಯ ಸಾವನ್ನು ದೇವರ ಮೇಲೆ ಹಾಕಿ ಹೇಗೋ ಉಸಿರಾಡುತ್ತಿದ್ದ ಮುದುಕಿಯ ಮುಖ ನೋಡಿ ಬಾಯಿ ಮುಚ್ಚಿದಳು. ಹೇಳಿದರೆ ಸತ್ತವಳು ಬರುತ್ತಾಳೆಯೇ ಎಂದು ತನಗೆ ತಾನೇ ಹೇಳಿಕೊಂಡಳು. ಹೇಡಿಗಳಿಗೆ ಇಂಥ ಮಾತು ಬೇಗ ಹೊಳೆಯುತ್ತದೆ.

ಕೂಸಿಗೆ ಊರಮ್ಮ ಮೊಲೆಯುಣಿಸುತ್ತಿದ್ದಳು. ತನ್ನ ಮಗನಿಗೆ ಒಂದು ಕಡೆ, ಭಾಗ್ಯಳ ಮಗಳಿಗೆ ಒಂದು ಕಡೆ. ಭರಮಮ್ಮ ದಿನಕ್ಕೆ ಐದಾರು ಸಲ ಕೂಸನ್ನು ಸೆರಗಿನಲ್ಲಿ ಸುತ್ತಿ ಧೂಳು ತಾಗದಂತೆ ತರುತ್ತಿದ್ದಳು, ಒಯ್ಯುತ್ತಿದ್ದಳು.

ಗಂಗಾಂಬಿಕಾ ಮುಂದಿನ ಒಂದೂವರೆ ತಿಂಗಳು ಕಚೇರಿಯಿಂದ ಕಚೇರಿಗೆ ಅಲೆದಳು. ಕಾಡಿ ಬೇಡಿ ಒಂದು ಜೀಪು ಗೊತ್ತು ಮಾಡಿದಳು. ಊರಿನ ಬಸುರಿಯರನ್ನೆಲ್ಲ ಒಂದು ಗುರುವಾರ ಸಂಡೂರಿಗೆ ಕರೆದೊಯ್ದು ರಕ್ತ ತೆಗೆಸಿ ನೋಡಿಸುವುದು. ಆ ಗುರುವಾರ ಜೀಪು ಬಂದು ನಿಂತಿತು, ಏಳು ಬಸುರಿಯರೂ ಬಂದರು, ಆದರೆ ಜೀಪು ಹತ್ತುವವರು ಒಬ್ಬರೂ ಇಲ್ಲ. ಒಂದು ದಿನದ ಕೂಲಿ ಹೋಗುತ್ತದೆ, ಸೂಜಿ ಚುಚ್ಚುತ್ತಾರೆ, ಅದೂ ಅಲ್ಲದೆ ಯಾತಕ್ಕೆ?

“ನೀವು ನೋಡ್ರಿ, ಸಾಕು” ಅಂದಳು ದುರುಗವ್ವ. ಏಳು ತಿಂಗಳ ಬಸುರಿ, ಯಾರ್ಡಿನಲ್ಲಿ ಭಾಗ್ಯಳ ಜೊತೆ ಜರಡಿ ಹಿಡಿಯುತ್ತಿದ್ದವಳು. ಉಪಕೇಂದ್ರದ ಮೂರು ಮೆಟ್ಟಿಲು ಹತ್ತಿದ್ದಕ್ಕೇ ಎದೆ ಏರಿಳಿಯುತ್ತಿತ್ತು. “ನಿಮ್ಮ ಕಣ್ಣಿಗಿಂತ ಮಿಶಿನ್ ದೊಡ್ಡದೇನ್ರಿ?”

ಗಂಗಾಂಬಿಕಾ ಅವಳ ರೆಪ್ಪೆ ಜಗ್ಗಿದಳು. ಈಗ ಆಕೆಗೆ ನೋಡಲು ಬರುತ್ತಿತ್ತು. ಎಳೆ ಕೆಂಪು, ನೆಲ ಬಿಳಿ.

“ನಿನಗ ರಕ್ತ ಭಾಳ ಕಡಿಮಿ ಐತವ್ವ. ಜೀಪು ಹತ್ತು.”

ದುರುಗವ್ವ ನಂಬಲಿಲ್ಲ. “ಬೆಳಿಗ್ಗೆ ಕನ್ನಡ್ಯಾಗ ನಾನ ನೋಡೀನಿ, ಕೆಂಪಗ ಅದಾವ. ಭಾಗ್ಯಾಗೂ ಹಿಂಗ ಇದ್ವು. ಚಲೋ ಅದಾವ ಅಂತ ನೀವ ಹೇಳಿದ್ರಿ.”

ಕಟ್ಟೆಯ ಆಚೆ ತುದಿಯಲ್ಲಿ ಊರಮ್ಮ ಗೋಡೆಗೊರಗಿ ಭಾಗ್ಯಳ ಕೂಸಿಗೆ ಹಾಲು ಕುಡಿಸುತ್ತಿದ್ದಳು, ಪಕ್ಕದಲ್ಲಿ ಭರಮಮ್ಮ ಕೂತಿದ್ದಳು. ಭರಮಮ್ಮ ಅಲ್ಲಿಂದಲೇ, “ಖರೇ ಐತಿ ಬಿಡ್ರಿ. ಸಿಸ್ಟರಮ್ಮ ನೋಡಿದ್ರ ಆತು. ನಮ್ಮ ಭಾಗ್ಯಾನ ಕಣ್ಣಂತೂ ದಾಳಿಂಬರಿ ಇದ್ದಂಗ ಇದ್ವು. ಸಾವು ಬರೋದಿತ್ತು, ಬಂತು” ಅಂದಳು. ಸಿಸ್ಟರ ಮಾನ ಕಾಯುವುದಕ್ಕೆಂದೇ ಆಡಿದ ಮಾತು.

ಏಳೂ ಜನ ತಲೆಯಾಡಿಸಿದರು. ಜೀಪಿನವನು ಹಾರ್ನ್ ಹೊಡೆದ. ದುರುಗವ್ವ ಸೊಂಟಕ್ಕೆ ಕೈಕೊಟ್ಟು ಮೆಟ್ಟಿಲಿಳಿಯಲು ತಿರುಗಿದಳು. ಇವಳು ಹೀಗೇ ಮನೆಗೆ ಹೋದರೆ ಎರಡು ತಿಂಗಳಲ್ಲಿ ಏನಾಗುತ್ತದೆ ಎಂದು ಗಂಗಾಂಬಿಕಾಗೆ ತನ್ನ ಅಂಗೈ ಗೆರೆಯಷ್ಟು ಸ್ಪಷ್ಟವಾಗಿ ಕಂಡಿತು.

“ನಿಂದ್ರು” ಅಂದಳು. “ಭಾಗ್ಯಾಗ ಸಾವು ಬಂದದ್ದಲ್ಲ. ನನ್ನ ಕಣ್ಣು ತಪ್ಪಿತು.”

ದುರುಗವ್ವ ಮೆಟ್ಟಿಲಿಗಿಟ್ಟ ಕಾಲು ಹಿಂದಕ್ಕೆಳೆದುಕೊಂಡಳು.

“ಆಕಿ ಮೈಯಾಗ ರಕ್ತ ಇರಲಿಲ್ಲ. ಯಾರ್ಡಿಗೆ ಹೋಗಾಕಿನ ಕಣ್ಣು ಧೂಳಿಗೆ ಕೆಂಪಾಗಿರ್ತಾವ. ನಾನು ಅದನ್ನ ರಕ್ತ ಅಂದ್ಕೊಂಡೆ. ಭರಮಮ್ಮ ಹೇಳಿದ್ಲು, ಮಣ್ಣು ತಿಂತಾಳ, ತೇಕತಾಳ ಅಂತ. ನಾ ನಕ್ಕೆ. ಆಕಿ ಪಾಲಿನ ಗುಳಿಗಿನೂ ಆಕಿಗೆ ಕೊಡಲಿಲ್ಲ. ನಿಮಗ ಕಲಿಸಿದ್ದೂ ತಪ್ಪು. ಇನ್ನ ಯಾರೂ ಕನ್ನಡ್ಯಾಗ ಕಣ್ಣು ನೋಡ್ಕೋಬ್ಯಾಡ್ರಿ. ಜೀಪು ಹತ್ರಿ.”

ದುರುಗವ್ವ ಸಿಸ್ಟರ ಮುಖವನ್ನೊಮ್ಮೆ, ಭರಮಮ್ಮನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಹೋಗಿ ಜೀಪು ಹತ್ತಿದಳು. ಅವಳ ಹಿಂದೆ ಉಳಿದವರೂ ಹತ್ತಿದರು.

ಭರಮಮ್ಮ ಎದ್ದು ಬಂದು ಗಂಗಾಂಬಿಕಾಳ ಎದುರು ನಿಂತಳು. ಕಣ್ಣಲ್ಲಿ ನೀರಿರಲಿಲ್ಲ. ಒಂದೂವರೆ ತಿಂಗಳಿಂದ ಆತುಕೊಂಡಿದ್ದ ಗೋಡೆಯನ್ನು ಯಾರೋ ಹಿಂದಿನಿಂದ ಎಳೆದುಕೊಂಡ ಹಾಗೆ ಅವಳ ಮೈ ಒಮ್ಮೆ ತೂಗಿತು.

“ಆ ಗುಳಿಗಿ ಯಾರಿಗೆ ಕೊಟ್ಟಿ?” ಎಂದು ಕೇಳಿದಳು.

ಗಂಗಾಂಬಿಕಾ ಊರಮ್ಮನ ಕಡೆ ನೋಡಿದಳು.

“ನನಗ ಕೊಟ್ರು, ಅತ್ತಿ” ಅಂದಳು ಊರಮ್ಮ ಗೋಡೆಯ ಕಡೆಯಿಂದ. “ಭಾಗ್ಯಾನ ಕೊಡ್ರಿ ಅಂದ್ಲು. ಮೂರು ತಿಂಗಳು ನಾ ನುಂಗೀನಿ.”

ಹೇಳುತ್ತಲೇ ಅವಳು ಕೂಸನ್ನು ಮೊಲೆಯಿಂದ ಬಿಡಿಸಿ, ಸೆರಗು ಸರಿಮಾಡಿಕೊಂಡು, ಎರಡೂ ಕೈಯಲ್ಲಿ ಭರಮಮ್ಮನ ಕಡೆ ಚಾಚಿದಳು. ಕಳ್ಳಮಾಲು ಹಿಂದಕ್ಕೆ ಕೊಡುವವಳ ಹಾಗೆ ತಲೆ ತಗ್ಗಿಸಿದ್ದಳು. ಅರ್ಧಕ್ಕೆ ಹಾಲು ತಪ್ಪಿದ ಕೂಸು ಕಿರುಚಿ ಅಳತೊಡಗಿತು.

ಭರಮಮ್ಮ ಹತ್ತಿರ ಹೋದಳು. ಕೂಸನ್ನು ನೋಡಿದಳು, ಊರಮ್ಮನ ತುಂಬಿಬಂದ ಮುಖ ನೋಡಿದಳು. ಕೈ ಚಾಚಲಿಲ್ಲ.

“ಬಿಡಿಸಬ್ಯಾಡ, ಕುಡಿಸು” ಅಂದಳು. “ಅದರ ಅವ್ವನ ಪಾಲು ಅದು. ಹಿಂಗರ ಅದಕ್ಕ ಮುಟ್ಟಲಿ.”

ಊರಮ್ಮ ಅಳುತ್ತಲೇ ಕೂಸನ್ನು ಮತ್ತೆ ಎದೆಗೆ ಹಚ್ಚಿಕೊಂಡಳು. ಭರಮಮ್ಮ ಮೆಟ್ಟಿಲಿಳಿದು ಬಿಸಿಲಿನಲ್ಲಿ ಮನೆಯ ಕಡೆ ನಡೆದಳು. ಗಂಗಾಂಬಿಕಾ ಗಿಣಿಗುಂಡಿಯಲ್ಲಿ ಇನ್ನೂ ಆರು ವರ್ಷ ಇದ್ದಳು, ಆ ಆರು ವರ್ಷದಲ್ಲಿ ಅಲ್ಲಿ ಹೆರಿಗೆಗೆ ಒಬ್ಬರೂ ಸಾಯಲಿಲ್ಲ. ಭರಮಮ್ಮ ಆಕೆಯ ಜೊತೆ ಮತ್ತೆ ಮಾತಾಡಲಿಲ್ಲ.